ಡಾರ್ಕ್‌ರೂಮಿನಿಂದ ಆನ್‌ಲೈನ್ ಪದವಿಯವರೆಗೆ

ಗಣಪತಿ ಹಬ್ಬ ಮುಗಿದ ವಾರ. ಬೆಳಗಿನ ಐದೂವರೆ, ಇನ್ನೂ ಹಾಲಿನವನೂ ಬಂದಿರಲಿಲ್ಲ. ಅಮೆರಿಕದ ಹ್ಯೂಸ್ಟನ್ನಿನಿಂದ ತಂಗಿಯ ಮಗಳ ಫೋನು. ಅಲ್ಲಿ ಹಿಂದಿನ ದಿನದ ಸಂಜೆ. "ದೊಡ್ಡಮ್ಮ, ನೀವು ಎಕ್ಸ್‌ರೇ ತೆಗೀತಿದ್ದ ಕಾಲದಾಗ ಡಾರ್ಕ್‌ರೂಮ್ ಹೆಂಗಿತ್ತು, ಎಲ್ಲಾ ಬಿಡಿಸಿ ಹೇಳ್ರಿ. ನಾನು ಬರ್ಕೋತೀನಿ" ಅಂದಳು.

ಅವಳೂ ನನ್ನ ಕಸುಬಿನವಳೇ. ಧಾರವಾಡದಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಗ ಮದುವೆಯಾಗಿ ಹೋದವಳು. ಅಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಓದಿ, ಪರೀಕ್ಷೆ ಕಟ್ಟಿ, ಈಗ ಆಸ್ಪತ್ರೆಯೊಂದರಲ್ಲಿ ಸಿ.ಟಿ. ಸ್ಕ್ಯಾನ್ ತಂತ್ರಜ್ಞೆ. ವಯಸ್ಸು ನಲವತ್ತು ದಾಟಿದೆ, ಇಬ್ಬರು ಮಕ್ಕಳು, ವಾರಕ್ಕೆ ಮೂರು ರಾತ್ರಿ ಪಾಳಿ. ಆರು ತಿಂಗಳು "ಓದಲೋ ಬೇಡವೋ" ಎಂದು ಹೊಯ್ದಾಡಿ, ಕೊನೆಗೆ ರೇಡಿಯಾಲಜಿ ತಂತ್ರಜ್ಞಾನದ ಬಿ.ಎಸ್. ಪದವಿಗೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿದ್ದಳು. ಮೊದಲ ಅಸೈನ್‌ಮೆಂಟ್ ಅವಳ ವೃತ್ತಿಯ ಇತಿಹಾಸ. ಅದಕ್ಕೇ ಈ ದೊಡ್ಡಮ್ಮನ ನೆನಪು.

ಆ ದಿನ ಫೋನಿನಲ್ಲಿ ಅರ್ಧ ಗಂಟೆ ಹೇಳಿದೆ. ಆಮೇಲೂ ಮನಸ್ಸು ಸುಮ್ಮನಿರಲಿಲ್ಲ. ಹಳೆಯ ಪುಸ್ತಕ, ಟಿಪ್ಪಣಿಗಳನ್ನು ತೆಗೆದು ಓದತೊಡಗಿದೆ. ನಮ್ಮ ಮಹಿಳಾ ವಿಭಾಗದ ಗೆಳತಿಯರು ಇ-ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗ, ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳೋಣ ಎನಿಸಿತು. ನಮ್ಮ ಸಂಘದಲ್ಲಿ ನರ್ಸ್, ಲ್ಯಾಬ್, ಎಕ್ಸ್‌ರೇ ಕೆಲಸದಲ್ಲಿರುವ ಸೊಸೆಯಂದಿರು, ಮಕ್ಕಳು ಬಹಳ ಮಂದಿ ಇದ್ದಾರೆ. "ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ಇನ್ನೊಂದು ಪದವಿ ಯಾಕೆ?" ಎಂಬ ಪ್ರಶ್ನೆ ಅವರ ಮನೆಗಳಲ್ಲೂ ಬಂದೇ ಇರುತ್ತದೆ.

ನನ್ನದೇ ಒಂದು ನೆನಪು

ಮೊದಲು ನನ್ನ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಪಿ.ಯು.ಸಿ. ಆದ ಮೇಲೆ ಮದುವೆಯಾಗಿ ಗದಗಿನಿಂದ ಡೊಂಬಿವಲಿಗೆ ಬಂದೆ. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ, 1984ರಲ್ಲಿ ಕೆಲಸಕ್ಕೆ ಸೇರಿದೆ. ಡಾರ್ಕ್‌ರೂಮೆಂದರೆ ಕೆಂಪು ದೀಪದ ಒಂದು ಸಣ್ಣ ಕೋಣೆ. ಒಂದು ತೊಟ್ಟಿಯಲ್ಲಿ ಡೆವಲಪರ್, ಒಂದರಲ್ಲಿ ನೀರು, ಇನ್ನೊಂದರಲ್ಲಿ ಫಿಕ್ಸರ್. ಡೆವಲಪರ್ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೇ ತಿಂಗಳ ಮುಂಬಯಿಯಲ್ಲಿ ಅದೆಲ್ಲಿಂದ ಬರಬೇಕು? ತೊಟ್ಟಿಯ ಸುತ್ತ ಐಸ್ ಹಾಕುತ್ತಿದ್ದೆವು. ಮಳೆಗಾಲದಲ್ಲಿ ಫಿಲ್ಮ್ ಒಣಗದೆ ಫ್ಯಾನಿನ ಕೆಳಗೆ ಸಾಲಾಗಿ ತೂಗುಹಾಕುತ್ತಿದ್ದೆವು. ಉಗುರು ಕಂದು, ಸೀರೆಗೆ ಹೈಪೋ ವಾಸನೆ. ಲೋಕಲ್ ಟ್ರೈನಿನಲ್ಲಿ ಪಕ್ಕ ಕುಳಿತವರು ಮೂಗು ಮುಚ್ಚಿಕೊಂಡದ್ದೂ ಉಂಟು.

ಹೋಟೆಲಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರು, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಕೆಮ್ಮಿಕೊಂಡು ಬರುತ್ತಿದ್ದರು. "ಉಸಿರು ಜಗ್ರಿ, ಹಂಗ ಹಿಡೀರಿ, ಈಗ ಬಿಡ್ರಿ" ಎಂದು ಕನ್ನಡದಲ್ಲಿ ಹೇಳಿದರೆ ಅರ್ಧ ಭಯ ಅಲ್ಲೇ ಹೋಗುತ್ತಿತ್ತು. ರೋಗಿ ಅಲುಗಾಡದಿದ್ದರೆ ಫಿಲ್ಮ್ ಒಮ್ಮೆಗೇ ಸರಿಬರುತ್ತದೆ. ಎರಡನೆಯ ಸಲ ತೆಗೆಯುವುದು ಎಂದರೆ ಅವನ ಮೈಗೆ ಎರಡನೆಯ ಸಲ ವಿಕಿರಣ ಹೋದಂತೆ.

ಕೆಲಸದ ನಡುವೆಯೇ ಅಂಚೆ ಶಿಕ್ಷಣದಲ್ಲಿ ಬಿ.ಎ. ಮುಗಿಸಿದೆ. ಡೊಂಬಿವಲಿಯಿಂದ ವಿ.ಟಿ. ಸ್ಟೇಷನ್ನಿನವರೆಗೆ ಜಾಗ ಸಿಕ್ಕರೆ ಕುಳಿತು, ಇಲ್ಲವಾದರೆ ನಿಂತೇ ಓದು. 1998ರಲ್ಲಿ ವಿಭಾಗದ ಇನ್‌ಚಾರ್ಜ್ ಹುದ್ದೆ ತೆರವಾಯಿತು. ನನ್ನ ಹೆಸರು ಮುಂದಿತ್ತು. ಆದರೆ "ಸಂಬಂಧಪಟ್ಟ ವಿಷಯದಲ್ಲಿ ಪದವಿ ಬೇಕು" ಎಂಬ ಒಂದು ಸಾಲು ಅಡ್ಡ ಬಂತು. ನನ್ನ ಬಿ.ಎ. ಲೆಕ್ಕಕ್ಕೆ ಬರಲಿಲ್ಲ. ವಿಜ್ಞಾನ ಪದವಿ ಇದ್ದ, ನಾನೇ ಕೈಹಿಡಿದು ಪೊಸಿಷನಿಂಗ್ ಕಲಿಸಿದ ಹುಡುಗ ನನ್ನ ಮೇಲಧಿಕಾರಿಯಾದ. ಪಾಪ, ಒಳ್ಳೆಯವನೇ. ಕೊನೆಯವರೆಗೂ ನನ್ನನ್ನು ಮೇಡಮ್ ಎಂದೇ ಕರೆದ. ಆದರೂ ಆ ದಿನ ಮನೆಗೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದೆ. "ಕೈಗೆ ಬರುವ ವಿದ್ಯೆಗೆ ಈ ಕಾಗದ ಯಾಕೆ?" ಎಂಬ ಸಿಟ್ಟು ಬಹಳ ವರ್ಷ ಇತ್ತು. ಇತಿಹಾಸ ಓದಿದ ಮೇಲೆ ಆ ಸಿಟ್ಟು ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ಆ ಕಾಗದ ಯಾಕೆ ಹುಟ್ಟಿತು ಎಂಬುದು ತಿಳಿಯಿತು.

ಶಾಲೆಯೇ ಇಲ್ಲದ ಹತ್ತು ವರ್ಷ

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರೋಂಟ್ಜನ್ ಈ ಕಿರಣಗಳನ್ನು ಕಂಡರು. ಡಿಸೆಂಬರ್ 22ರಂದು ಹೆಂಡತಿ ಆನಾ ಬರ್ತಾ ಅವರ ಕೈಯ ಚಿತ್ರ ತೆಗೆದರು. ಬೆರಳಿನ ಮೂಳೆ, ಅದರ ಸುತ್ತ ಉಂಗುರ. ಇತಿಹಾಸದಲ್ಲಿ ಹೆಸರಾದ ಈ ಮೊದಲ ಎಕ್ಸ್‌ರೇ ಚಿತ್ರ ಒಬ್ಬ ಹೆಂಗಸಿನ ಕೈಯದು ಎಂಬುದನ್ನು ನಾವು ಮರೆಯಬಾರದು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ರೋಂಟ್ಜನ್‌ಗೆ ಬಂತು.

ಸುದ್ದಿ ಕೆಲವೇ ವಾರಗಳಲ್ಲಿ ಜಗತ್ತನ್ನು ಸುತ್ತಿತು. 1897ರ ತಿರಾಹ್ ದಂಡಯಾತ್ರೆಯ ಹೊತ್ತಿಗೆ ಬ್ರಿಟಿಷ್ ಸೈನ್ಯದ ವೈದ್ಯರು ನಮ್ಮ ಉಪಖಂಡದ ವಾಯವ್ಯ ಗಡಿಯವರೆಗೂ ಎಕ್ಸ್‌ರೇ ಯಂತ್ರ ಹೊತ್ತು ತಂದಿದ್ದರು. ಯಂತ್ರ ಬಂತು, ಆದರೆ ಅದನ್ನು ನಡೆಸಲು ಕಲಿಸುವ ಶಾಲೆ ಎಲ್ಲೂ ಇರಲಿಲ್ಲ. ಫೋಟೊ ತೆಗೆಯುವವರು, ವಿದ್ಯುತ್ ಕೆಲಸದವರು, ಔಷಧ ಅಂಗಡಿಯವರು, ಕುತೂಹಲವಿದ್ದ ಯಾರು ಬೇಕಾದರೂ ಶುರುಮಾಡಬಹುದಿತ್ತು.

ಅಂಥವರಲ್ಲಿ ಒಬ್ಬರು ಸ್ಯಾನ್ ಫ್ರಾನ್ಸಿಸ್ಕೊ ನಗರದ ಎಲಿಜಬೆತ್ ಫ್ಲೈಷ್‌ಮನ್. ಅಂಗಡಿಗಳ ಲೆಕ್ಕ ಬರೆಯುವ ಕೆಲಸದಲ್ಲಿದ್ದ ಹೆಣ್ಣುಮಗಳು. 1896ರಲ್ಲಿ ರೋಂಟ್ಜನ್ ಸುದ್ದಿ ಓದಿ, ವಿದ್ಯುತ್ತಿನ ಬಗ್ಗೆ ಓದಿ ಕಲಿತು, ಯಂತ್ರ ಕೊಂಡು ಸ್ವಂತ ಎಕ್ಸ್‌ರೇ ಪ್ರಯೋಗಾಲಯ ತೆರೆದರು. ಸ್ಪ್ಯಾನಿಷ್-ಅಮೆರಿಕನ್ ಯುದ್ಧದ ಕಾಲದಲ್ಲಿ ಫಿಲಿಪ್ಪೀನ್ಸಿನಿಂದ ಗಾಯಗೊಂಡು ಮರಳಿದ ಸೈನಿಕರ ಮೈಯೊಳಗಿನ ಗುಂಡುಗಳನ್ನು ಆಕೆ ತೆಗೆದ ಚಿತ್ರಗಳು ತೋರಿಸಿಕೊಟ್ಟವು. ಸೈನ್ಯದ ವೈದ್ಯರೇ ಆಕೆಯ ಕೈಚಳಕವನ್ನು ಹೊಗಳಿದರು.

ಆ ಕೈಗೇ ಕುತ್ತು ಬಂತು. ಕಿರಣ ಎಷ್ಟು ತೀಕ್ಷ್ಣವಾಗಿದೆ ಎಂದು ನೋಡಲು ಅಂದಿನವರು ತಮ್ಮದೇ ಕೈಯನ್ನು ಅಡ್ಡ ಹಿಡಿಯುತ್ತಿದ್ದರು. ರೋಗಿ ಹೆದರದಿರಲೆಂದು ಮೊದಲು ತಾವೇ ನಿಂತು ತೋರಿಸುತ್ತಿದ್ದರು. ಸೀಸದ ಏಪ್ರನ್ ಇಲ್ಲ, ಗೋಡೆಯ ಮರೆ ಇಲ್ಲ. ಫ್ಲೈಷ್‌ಮನ್ ಅವರ ಕೈ ಸುಟ್ಟು, ಹುಣ್ಣಾಗಿ, ಕ್ಯಾನ್ಸರ್ ಆಯಿತು. 1905ರಲ್ಲಿ ತೋಳನ್ನೇ ಕತ್ತರಿಸಬೇಕಾಯಿತು. ಅದೇ ವರ್ಷ ತೀರಿಕೊಂಡರು. ಅದಕ್ಕೆ ಹಿಂದಿನ ವರ್ಷವಷ್ಟೇ ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಹೀಗೆಯೇ ಸತ್ತಿದ್ದ. ಅವನ ಗಾಯಗಳನ್ನು ಕಂಡ ಎಡಿಸನ್, ಅವನು ಸಾಯುವ ಮೊದಲೇ ಎಕ್ಸ್‌ರೇ ಕೆಲಸವನ್ನೇ ಬಿಟ್ಟಿದ್ದರು. ಜರ್ಮನಿಯ ಹ್ಯಾಂಬರ್ಗಿನಲ್ಲಿ 1936ರಲ್ಲಿ ಇಂಥವರ ಸ್ಮಾರಕ ನಿಲ್ಲಿಸಿದಾಗ ಅದರ ಮೇಲೆ 169 ಹೆಸರುಗಳಿದ್ದವು. ವೈದ್ಯರು, ಭೌತವಿಜ್ಞಾನಿಗಳು, ತಂತ್ರಜ್ಞರು, ದಾದಿಯರು.

ಇವರ್ಯಾರೂ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಅವರಿಗೆ ಕಲಿಸುವವರು ಇರಲಿಲ್ಲ, ಅಷ್ಟೇ.

ಮನೆಯಿಂದ ಮನೆಗೆ ತಿರುಗುತ್ತಿದ್ದ ವಿಶ್ವವಿದ್ಯಾಲಯ

ಇದೇ ಇತಿಹಾಸದಲ್ಲಿ ಇನ್ನೊಬ್ಬ ಹೆಣ್ಣುಮಗಳು ಬರುತ್ತಾಳೆ. ನಮ್ಮೆಲ್ಲರಿಗೂ ಗೊತ್ತಿರುವ ಮೇರಿ ಕ್ಯೂರಿ. ಆಕೆ ಹುಟ್ಟಿದ ಪೋಲೆಂಡಿನ ವಾರ್ಸಾ ಆಗ ರಷ್ಯಾದ ಆಳ್ವಿಕೆಯಲ್ಲಿತ್ತು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲ. ಹಾಗಾಗಿ ಗುಟ್ಟಾಗಿ ಒಂದು ವಿದ್ಯಾಲಯ ನಡೆಯುತ್ತಿತ್ತು. ಇಂದು ಒಬ್ಬರ ಮನೆಯಲ್ಲಿ ಪಾಠ, ನಾಳೆ ಇನ್ನೊಬ್ಬರ ಮನೆಯಲ್ಲಿ. ಪೊಲೀಸರ ಕಣ್ಣಿಗೆ ಬೀಳದಂತೆ ಜಾಗ ಬದಲಿಸುತ್ತಿದ್ದುದರಿಂದ ಅದಕ್ಕೆ 'ಹಾರುವ ವಿಶ್ವವಿದ್ಯಾಲಯ' ಎಂದೇ ಹೆಸರು. ಮೇರಿ ಮತ್ತು ಆಕೆಯ ಅಕ್ಕ ಬ್ರೋನ್ಯಾ ಅಲ್ಲಿ ಕಲಿತವರು. ಮನೆಯ ಮೂಲೆಯಲ್ಲಿ ಕುಳಿತು ಓದಿದ್ದು ಓದೇ ಅಲ್ಲ ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. 1891ರಲ್ಲಿ ಪ್ಯಾರಿಸಿಗೆ ಹೋದ ಆಕೆಗೆ ಮುಂದೆ ಎರಡು ನೊಬೆಲ್ ಬಂದವು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ, ಗಾಯಾಳುಗಳಿದ್ದಲ್ಲಿಗೇ ಎಕ್ಸ್‌ರೇ ಹೋಗಬೇಕೆಂದು ಮೇರಿ ಕ್ಯೂರಿ ವಾಹನಗಳಲ್ಲಿ ಯಂತ್ರ ಅಳವಡಿಸಿದರು. ಆ ವಾಹನಗಳನ್ನು ಜನ ಪ್ರೀತಿಯಿಂದ 'ಪುಟ್ಟ ಕ್ಯೂರಿ'ಗಳು ಎಂದು ಕರೆದರು. ತಾವೇ ವಾಹನ ಓಡಿಸಲು ಕಲಿತರು. ಹದಿಹರೆಯದ ಮಗಳು ಐರೀನ್ ಜೊತೆಗೆ ನಿಂತಳು. ಆದರೆ ವಾಹನ ಇದ್ದರೆ ಸಾಲದಲ್ಲ, ನಡೆಸುವವರು ಬೇಕು. 1916ರಿಂದ ಪ್ಯಾರಿಸಿನಲ್ಲಿ ಹೆಣ್ಣುಮಕ್ಕಳಿಗೇ ತರಬೇತಿ ಆರಂಭಿಸಿ ಸುಮಾರು 150 ಮಂದಿಯನ್ನು ಸಿದ್ಧಮಾಡಿದರು. ವಿದ್ಯುತ್ತು, ಅಂಗರಚನೆ, ಫೋಟೊ ಸಂಸ್ಕರಣೆ ಎಲ್ಲವನ್ನೂ ಕಲಿಸಿದರು. ನನ್ನ ಸರ್ಟಿಫಿಕೇಟ್ ಕೋರ್ಸಿನ ಪಠ್ಯವೂ ಹೆಚ್ಚುಕಡಿಮೆ ಇದೇ ಆಗಿತ್ತು ಎಂದು ಓದಿದಾಗ ಮೈ ಜುಮ್ಮೆಂದಿತು.

ವಿಕಿರಣದ ಅಪಾಯ ಆಗಲೂ ಪೂರ್ತಿ ತಿಳಿದಿರಲಿಲ್ಲ. ಮೇರಿ 1934ರಲ್ಲಿ ರಕ್ತ ಉತ್ಪತ್ತಿಯೇ ನಿಲ್ಲುವ ಕಾಯಿಲೆಯಿಂದ, ಐರೀನ್ 1956ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.

ಮೊದಲ ಹೆಸರು ಒಬ್ಬ ಸಿಸ್ಟರ್‌ದು

ಕಾಗದದ ಕಥೆ ಶುರುವಾಗುವುದು ಇಲ್ಲಿಂದ. ಅಮೆರಿಕದಲ್ಲಿ 1920ರಲ್ಲಿ ಎಡ್ ಜರ್ಮನ್ ಎಂಬವರ ಮುಂದಾಳತ್ವದಲ್ಲಿ ಶಿಕಾಗೊದಲ್ಲಿ ಎಕ್ಸ್‌ರೇ ತಂತ್ರಜ್ಞರ ಸಂಘ ಹುಟ್ಟಿತು. 1922ರಲ್ಲಿ ವೈದ್ಯರೂ ತಂತ್ರಜ್ಞರೂ ಸೇರಿ ಒಂದು ನೋಂದಣಿ ಮಂಡಳಿ ಮಾಡಿದರು. ಪರೀಕ್ಷೆ ಬರೆದು ಪಾಸಾದವರ ಹೆಸರು ಆ ಪಟ್ಟಿಗೆ ಸೇರುತ್ತದೆ. ಅದರಲ್ಲಿ ಮೊದಲು ನೋಂದಾಯಿತರಾದವರು ಒಕ್ಲಹೋಮದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಕ್ರೈಸ್ತ ಸನ್ಯಾಸಿನಿ, ಸಿಸ್ಟರ್ ಬಿಯಾಟ್ರಿಸ್ ಮೆರಿಗನ್. ನಮ್ಮ ವೃತ್ತಿಯ ಹಾಜರಿ ಪುಸ್ತಕದಲ್ಲಿ ಮೊದಲ ಸಹಿ ಒಬ್ಬ ಹೆಣ್ಣುಮಗಳದು!

ಆ ಪಟ್ಟಿ ಕಡ್ಡಾಯವಾಗಿರಲಿಲ್ಲ. ಅಮೆರಿಕದ ಚಪ್ಪಲಿ ಅಂಗಡಿಗಳಲ್ಲಿ ಮಕ್ಕಳ ಕಾಲು ಶೂ ಒಳಗೆ ಹೇಗೆ ಕೂತಿದೆ ಎಂದು ನೋಡಲು ಎಕ್ಸ್‌ರೇ ಪೆಟ್ಟಿಗೆ ಇಟ್ಟಿದ್ದ ಕಾಲ ಅದು. ಅವು 1950ರ ದಶಕದವರೆಗೂ ಇದ್ದವು. ಅಂಗಡಿಯ ಹುಡುಗನೇ ಗುಂಡಿ ಒತ್ತುತ್ತಿದ್ದ. ಆಸ್ಪತ್ರೆಗಳೊಳಗಿನ ತರಬೇತಿ ಮಾತ್ರ ಮೆಲ್ಲಮೆಲ್ಲನೆ ಬಿಗಿಯಾಗುತ್ತ ಬಂತು. ತಿಂಗಳುಗಳ ಕಲಿಕೆ ಎರಡು ವರ್ಷಕ್ಕೆ ಬೆಳೆಯಿತು. 1960ರ ದಶಕದಲ್ಲಿ ಸಂಘವೂ ಮಂಡಳಿಯೂ 'ಟೆಕ್ನೀಷಿಯನ್' ಎಂಬ ಪದ ಬಿಟ್ಟು 'ಟೆಕ್ನಾಲಜಿಸ್ಟ್' ಎಂದು ಹೆಸರು ಬದಲಿಸಿಕೊಂಡವು. 1981ರಲ್ಲಿ ಅಲ್ಲಿನ ಸಂಸತ್ತು, ವಿಕಿರಣ ಬಳಸುವವರ ಶಿಕ್ಷಣಕ್ಕೆ ಗುಣಮಟ್ಟ ನಿಗದಿಪಡಿಸುವ ಕಾನೂನು ಮಾಡಿತು. 2015ರ ಜನವರಿ 1ರಿಂದ ಆ ನೋಂದಣಿ ಪರೀಕ್ಷೆಗೆ ಮೊದಲ ಸಲ ಕೂರಲು ಕನಿಷ್ಠ ಅಸೋಸಿಯೇಟ್ ಪದವಿ ಬೇಕಾಯಿತು. ಪಾಸಾದ ಮೇಲೂ ಎರಡು ವರ್ಷಕ್ಕೊಮ್ಮೆ 24 ಕ್ರೆಡಿಟ್‌ನಷ್ಟು ಹೊಸ ಕಲಿಕೆ ತೋರಿಸಬೇಕು.

ಫ್ಲೈಷ್‌ಮನ್ ಅವರ ತೋಳಿನಿಂದ ಈ ನಿಯಮದವರೆಗೆ 110 ವರ್ಷ. ಯಾರದೋ ಕೈ ಸುಟ್ಟ ಮೇಲೆಯೇ ಒಂದೊಂದು ಕಾಗದ ಹುಟ್ಟಿದೆ. ನನ್ನ ಸಿಟ್ಟು ಸ್ವಲ್ಪ ಇಳಿದದ್ದು ಇದನ್ನು ತಿಳಿದ ಮೇಲೆ.

ಹಾಗೆಂದು ಪದವಿಯೊಂದೇ ಬುದ್ಧಿಯ ಅಳತೆ ಎಂದೂ ತಿಳಿಯಬೇಡಿ. ನನ್ನ ತಂಗಿಯ ಮಗಳು ದಿನಾ ನಡೆಸುವ ಸಿ.ಟಿ. ಯಂತ್ರವನ್ನು ಕಂಡುಹಿಡಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ವಿಶ್ವವಿದ್ಯಾಲಯದ ಪದವಿ ಪಡೆದವರೇ ಅಲ್ಲ. ಲಂಡನ್ನಿನ ಫ್ಯಾರಡೆ ಹೌಸ್‌ನಲ್ಲಿ ಮಾಡಿದ ಡಿಪ್ಲೊಮಾ ಅವರ ವಿದ್ಯೆ. 1971ರಲ್ಲಿ ಲಂಡನ್ನಿನ ವಿಂಬಲ್ಡನ್‌ನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ಹೌನ್ಸ್‌ಫೀಲ್ಡ್‌ಗೆ ನೊಬೆಲ್ ಬಂತು. ಡಿಪ್ಲೊಮಾದವರಿಗೆ ತಲೆ ಇಲ್ಲವೆಂದು ಯಾರಾದರೂ ಅಂದರೆ ಈ ಹೆಸರು ನೆನಪಿಸಿ.

ದೂರದಿಂದ ಓದುವ ದಾರಿ

ಇನ್ನು ಮನೆಯಲ್ಲೇ ಕುಳಿತು ಪದವಿ ಪಡೆಯುವ ವಿಚಾರ. ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. ಲಂಡನ್ ವಿಶ್ವವಿದ್ಯಾಲಯ 1858ರಲ್ಲೇ, ಎಲ್ಲಿ ಓದಿದ್ದರೂ ತನ್ನ ಪರೀಕ್ಷೆಗೆ ಕೂರಬಹುದು ಎಂದು ಬಾಗಿಲು ತೆರೆಯಿತು. ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆದದ್ದು 1878ರಲ್ಲಿ. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಶುರುಮಾಡಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣವೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಡುವೆ 1985ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಬಂತು.

ನಮ್ಮ ಮುಂಬಯಿ ಕನ್ನಡಿಗರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ ವಕೀಲರು, ಬ್ಯಾಂಕ್ ಅಧಿಕಾರಿಗಳು ಆದವರು ನಮ್ಮ ಸಂಘಗಳಲ್ಲಿ ಎಷ್ಟು ಮಂದಿ! ದುಡಿಯುತ್ತ ಓದಿದ ಅವರನ್ನು ನಾವು ಗೌರವದಿಂದ ನೆನೆಯುತ್ತೇವೆ. ನಲವತ್ತರ ಹೆಂಗಸು ಲ್ಯಾಪ್‌ಟಾಪ್ ಮುಂದೆ ಕೂತರೆ ಮಾತ್ರ "ಈಗ್ಯಾಕೆ ಈ ಉಸಾಬರಿ" ಅನ್ನುತ್ತೇವೆ. ಯೋಚಿಸಬೇಕಾದ ಮಾತು.

ಅವಳು ಓದುತ್ತಿರುವುದು ಏನು?

ಅಮೆರಿಕದ ಈ ಆನ್‌ಲೈನ್ ಪದವಿ ಹೊಸಬರಿಗೆ ಎಕ್ಸ್‌ರೇ ಕಲಿಸುವುದಕ್ಕಲ್ಲ. ಆಗಲೇ ಕಲಿತು, ನೋಂದಣಿ ಪಡೆದು, ಕೆಲಸದಲ್ಲಿ ಇರುವವರಿಗೆ. ಅಲ್ಲಿ ಬ್ಯಾಚಲರ್ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಅಸೋಸಿಯೇಟ್ ಪದವಿಯ ಕ್ರೆಡಿಟ್‌ಗಳಲ್ಲಿ ದೊಡ್ಡ ಪಾಲನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದದ್ದು ವಿಭಾಗದ ಆಡಳಿತ, ಗುಣಮಟ್ಟ ನಿಯಂತ್ರಣ, ಆರೋಗ್ಯ ಕಾನೂನು, ನೀತಿ, ಸಂಶೋಧನಾ ವಿಧಾನ, ಅಡ್ಡಕೊಯ್ತದ ಅಂಗರಚನೆ, ರೋಗಶಾಸ್ತ್ರ ಇಂಥವು. ಪಾಠ ರೆಕಾರ್ಡ್ ಆಗಿರುತ್ತದೆ. ಅಸೈನ್‌ಮೆಂಟ್‌ಗೆ ಮಾತ್ರ ಗಡುವು.

ಇದಿಲ್ಲದೆಯೂ ಅವಳು ಸ್ಕ್ಯಾನ್ ಮಾಡಬಲ್ಲಳು. ಸಂಬಳವೂ ಬರುತ್ತದೆ. ಅವಳ ಗಂಡ ಕೇಳಿದ್ದೂ ಅದನ್ನೇ, "ಮತ್ತೆ ಯಾಕೆ?" ಎಂದು. ಅವಳ ಉತ್ತರ ನನಗೆ ಹಿಡಿಸಿತು. ರಾತ್ರಿಯಿಡೀ ರೋಗಿಗಳನ್ನು ಎತ್ತಿ ಇಳಿಸಿ ಬೆನ್ನು ಹೋಗಿದೆ. ಕೋವಿಡ್ ಕಾಲದಲ್ಲಿ ಎರಡು ಮಾಸ್ಕ್ ಹಾಕಿಕೊಂಡು ಒಬ್ಬರಾದ ಮೇಲೊಬ್ಬರ ಎದೆಯ ಸ್ಕ್ಯಾನ್ ಮಾಡಿದ್ದಾಳೆ. ಇನ್ನು ಇಪ್ಪತ್ತು ವರ್ಷ ಹೀಗೆಯೇ ಮಾಡಲಾರಳು. ಅವಳಿಗೆ ಹೊಸಬರಿಗೆ ಕಲಿಸುವ ಆಸೆ. ಅಲ್ಲಿನ ಮಾನ್ಯತಾ ಮಂಡಳಿಯ ನಿಯಮದಂತೆ ತರಬೇತಿ ಕಾಲೇಜಿನ ಕ್ಲಿನಿಕಲ್ ಕೋಆರ್ಡಿನೇಟರ್ ಆಗಲು ಬ್ಯಾಚಲರ್ ಪದವಿ ಬೇಕೇ ಬೇಕು. ಕಾರ್ಯಕ್ರಮದ ಮುಖ್ಯಸ್ಥರಾಗಲು ಮಾಸ್ಟರ್ಸ್ ಬೇಕು. ಎಷ್ಟೇ ಅನುಭವ ಇರಲಿ, ಆ ಬಾಗಿಲಲ್ಲಿ ಕಾಗದವನ್ನೇ ಕೇಳುತ್ತಾರೆ. 1998ರಲ್ಲಿ ನನ್ನನ್ನು ಕೇಳಿದ ಹಾಗೆ.

ಆದರೆ ಕಣ್ಣುಮುಚ್ಚಿ ಸೇರಬೇಡ ಎಂದು ನಾನು ಹೇಳಿದೆ. ಸೇರುವ ಮೊದಲು ಅವಳು ನಾಲ್ಕು ವಿಷಯ ವಿಚಾರಿಸಿಕೊಂಡಳು. ಆ ವಿಶ್ವವಿದ್ಯಾಲಯಕ್ಕೆ ಸರಿಯಾದ ಮಾನ್ಯತೆ ಇದೆಯೇ? ತನ್ನ ಹಳೆಯ ಕ್ರೆಡಿಟ್‌ಗಳಲ್ಲಿ ಎಷ್ಟನ್ನು ಒಪ್ಪುತ್ತಾರೆಂದು ಬರವಣಿಗೆಯಲ್ಲಿ ಕೊಡುತ್ತಾರೆಯೇ? ಒಟ್ಟು ಖರ್ಚೆಷ್ಟು, ಆಸ್ಪತ್ರೆ ಎಷ್ಟು ಕೊಡುತ್ತದೆ? ಉದ್ಯೋಗದಾತರು ಹೀಗೆ ಕೊಡುವ ಶಿಕ್ಷಣ ಸಹಾಯದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ಅಲ್ಲಿ ತೆರಿಗೆ ಇಲ್ಲ. ಕೊನೆಯದಾಗಿ, ತಾನು ಬಯಸುವ ಹುದ್ದೆಗೆ ಈ ಪದವಿಯನ್ನೇ ಕೇಳುತ್ತಾರೆಯೇ? ಈ ಕೊನೆಯ ಪ್ರಶ್ನೆಯನ್ನು ನಾನು ನನ್ನ ಬಿ.ಎ.ಗೆ ಮುಂಚೆ ಕೇಳಿಕೊಂಡಿರಲಿಲ್ಲ. ಆ ಮೂರು ವರ್ಷದ ಓದು ನನಗೆ ಸಂತೋಷ ಕೊಟ್ಟಿತು. ಹುದ್ದೆ ಕೊಡಲಿಲ್ಲ.

ಅವಳು ಒಂದು ಅವಧಿಗೆ ಎರಡೇ ವಿಷಯ ತೆಗೆದುಕೊಂಡಿದ್ದಾಳೆ. ಭಾನುವಾರ ಅಡುಗೆ ಗಂಡ ಮತ್ತು ಮಕ್ಕಳ ಪಾಲು. ಇದನ್ನು ಮೊದಲೇ ಮಾತನಾಡಿ ಒಪ್ಪಿಸಿಕೊಂಡಿದ್ದಾಳೆ. ನಾನು ಆಗ ಬಾಯಿಬಿಟ್ಟು ಕೇಳಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದ ಮೇಲೆ ಪುಸ್ತಕ ತೆರೆಯುತ್ತಿದ್ದೆ.

ನಮ್ಮಲ್ಲಿ ದಾರಿ ಬೇರೆ

ಇದನ್ನು ಓದಿ ಯಾರಾದರೂ ಇಲ್ಲಿಯೂ ಆನ್‌ಲೈನ್‌ನಲ್ಲೇ ರೇಡಿಯಾಲಜಿ ಪದವಿ ಹುಡುಕಲು ಹೊರಟರೆ ದಯವಿಟ್ಟು ಸ್ವಲ್ಪ ನಿಲ್ಲಿ. ಭಾರತದಲ್ಲಿ 2021ರಲ್ಲಿ ಆರೋಗ್ಯ ಕ್ಷೇತ್ರದ ಇಂಥ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆ ಬಂತು. ರೇಡಿಯಾಲಜಿ, ಇಮೇಜಿಂಗ್ ಕೆಲಸದವರೂ ಅದರೊಳಗೆ ಬರುತ್ತಾರೆ. ಅದು ಬರುವವರೆಗೆ ನಮ್ಮಂಥವರಿಗೆ ದೇಶಕ್ಕೆಲ್ಲ ಒಂದೇ ನೋಂದಣಿ ಎಂಬುದೇ ಇರಲಿಲ್ಲ. ಆ ಕಾಯಿದೆಯ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರರ ಡಿಪ್ಲೊಮಾ ಅಥವಾ ಪದವಿ ಕನಿಷ್ಠ 2,000 ಗಂಟೆ, ಹೆಲ್ತ್‌ಕೇರ್ ವೃತ್ತಿಪರರ ಪದವಿ ಕನಿಷ್ಠ 3,600 ಗಂಟೆಯದಾಗಿರಬೇಕು. ಇದರ ಮುಂದುವರಿಕೆಯಾಗಿ 2025ರಲ್ಲಿ ಯು.ಜಿ.ಸಿ., ಈ ಕಾಯಿದೆಯಡಿ ಬರುವ ಕೋರ್ಸುಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ನಡೆಸಬಾರದೆಂದು ವಿಶ್ವವಿದ್ಯಾಲಯಗಳಿಗೆ ಹೇಳಿತು. ಹಾಗಾಗಿ "ಮನೆಯಲ್ಲೇ ಕುಳಿತು ಆರು ತಿಂಗಳಲ್ಲಿ ಎಕ್ಸ್‌ರೇ ಟೆಕ್ನಾಲಜಿಸ್ಟ್ ಆಗಿ" ಎಂಬ ಜಾಹೀರಾತು ಮೊಬೈಲಿಗೆ ಬಂದರೆ ಹಣ ಕಟ್ಟಬೇಡಿ. ಡಿಪ್ಲೊಮಾ ಆದವರಿಗೆ ಲ್ಯಾಟರಲ್ ಎಂಟ್ರಿ ಎಂದು ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ನೇರ ಪ್ರವೇಶ ಕೊಡುವ ಕಾಲೇಜುಗಳಿವೆ. ಕಾಲೇಜಿಗೆ ಹೋಗಿಯೇ ಓದಬೇಕು. ಕಷ್ಟ ನಿಜ, ಆದರೆ ಆ ಕಾಗದ ನಿಲ್ಲುತ್ತದೆ. ಬರೀ ತಿಳಿವಳಿಕೆಗೆ ಬೇಕಾದರೆ ಸರ್ಕಾರದ ಸ್ವಯಂ ತಾಣದ ಪಾಠಗಳಿವೆ.

ಈ ನಿಯಮ ದುಡಿಯುವ ಹೆಣ್ಣುಮಕ್ಕಳಿಗೆ ಕಟುವಾಗಿದೆ ಎಂದು ನನಗೂ ಅನಿಸುತ್ತದೆ. ಆಗಲೇ ಇಪ್ಪತ್ತು ವರ್ಷ ಕೈ ಪಳಗಿದವರಿಗೆ ಆಡಳಿತ, ಕಾನೂನು, ನೀತಿಯ ಪಾಠವನ್ನು ಮನೆಯಲ್ಲಿ ಓದಲು ಬಿಟ್ಟರೆ ಯಾರಿಗೆ ನಷ್ಟ? ಅಮೆರಿಕದವರು ಈ ಎರಡನ್ನೂ ಬೇರೆ ಮಾಡಿ ನೋಡಿದ್ದಾರೆ. ಕೈಯ ವಿದ್ಯೆ ರೋಗಿಯ ಪಕ್ಕದಲ್ಲಿ, ಆಮೇಲಿನ ಓದು ಎಲ್ಲಿ ಬೇಕಾದರೂ. ನಮ್ಮಲ್ಲಿಯೂ ಒಂದು ದಿನ ಆ ವಿವೇಕ ಬರಲಿ. ಆದರೆ ಮೊದಲ ಪಾಠ ಮಾತ್ರ ಪರದೆಯ ಮೇಲೆ ಆಗಬಾರದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಉಸಿರಾಡಲು ಕಷ್ಟಪಡುವ ಮುದುಕಿಯನ್ನು ನೋಯದಂತೆ ಹೊರಳಿಸುವುದು, ಅಳುವ ಮಗುವಿನ ಚಿತ್ರ ಒಂದೇ ಸಲಕ್ಕೆ ತೆಗೆಯುವುದು, "ಬಸುರಿ ಇರಬಹುದೇನಮ್ಮ?" ಎಂದು ಮೆಲ್ಲಗೆ ಕೇಳುವುದು, ಇವನ್ನು ವಿಡಿಯೊ ನೋಡಿ ಕಲಿಯಲಾಗದು.

ನಾವು ಕೆಲಸಕ್ಕೆ ಸೇರುವ ಮುಂಚಿನ ವರ್ಷ, 1983ರಲ್ಲಿ, ನಮ್ಮ ಮುಂಬಯಿಯಲ್ಲೇ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. ಎದೆಯ ಮೇಲೆ ಟಿ.ಎಲ್.ಡಿ. ಬ್ಯಾಡ್ಜ್ ಹಾಕಿಕೊಂಡೇ ನಾನು ದುಡಿದೆ. ಎಷ್ಟು ವಿಕಿರಣ ತಗುಲಿತೆಂದು ಮೂರು ತಿಂಗಳಿಗೊಮ್ಮೆ ಅದು ಲೆಕ್ಕ ಕೊಡುತ್ತಿತ್ತು. ಈಗಿನ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವ ಒಂದು ವರ್ಷವೂ 30 ದಾಟುವಂತಿಲ್ಲ. 34 ವರ್ಷ ಎಕ್ಸ್‌ರೇ ಕೋಣೆಯಲ್ಲಿದ್ದು, ಎರಡು ಮಕ್ಕಳನ್ನು ಹೆತ್ತು, ಎರಡೂ ಕೈ ನೆಟ್ಟಗಿಟ್ಟುಕೊಂಡು ನಾನು ನಿವೃತ್ತಳಾದೆ. ಫ್ಲೈಷ್‌ಮನ್ ಅವರಿಗೆ ಹತ್ತು ವರ್ಷವೂ ಸಿಗಲಿಲ್ಲ. ನಡುವೆ ಯಾರೋ ಪುಣ್ಯಾತ್ಮರು ಕಲಿಸಲು ಕುಳಿತದ್ದರಿಂದ, ನಿಯಮ ಬರೆದದ್ದರಿಂದ ಈ ವ್ಯತ್ಯಾಸ ಸಾಧ್ಯವಾಯಿತು.

ಮೊನ್ನೆ ಅವಳು ಮತ್ತೆ ಫೋನ್ ಮಾಡಿದ್ದಳು. ಅಸೈನ್‌ಮೆಂಟ್‌ಗೆ ಒಳ್ಳೆಯ ಅಂಕ ಬಂದಿದೆ. ನನ್ನ ಡಾರ್ಕ್‌ರೂಮು, ಐಸಿನ ತೊಟ್ಟಿ, ಮಳೆಗಾಲದ ಫಿಲ್ಮು, "ಹಂಗ ಹಿಡೀರಿ, ಈಗ ಬಿಡ್ರಿ" ಎಲ್ಲವನ್ನೂ ಅವಳು ಇಂಗ್ಲಿಷಿನಲ್ಲಿ ಬರೆದಿದ್ದಾಳಂತೆ. "ದೊಡ್ಡಮ್ಮ, ನಿಮ್ಮ ಅನುಭವಕ್ಕ ಒಂದು ವಿಶ್ವವಿದ್ಯಾಲಯ ಮಾರ್ಕ್ಸ್ ಕೊಟ್ಟಂಗಾತು ನೋಡ್ರಿ" ಅಂದು ನಕ್ಕಳು. ನಾನೂ ನಕ್ಕೆ. 1998ರ ಆ ಸಂಜೆ ನೆನಪಾಯಿತು, ಆದರೆ ಈ ಸಲ ಅಳು ಬರಲಿಲ್ಲ.

ನಮ್ಮ ಸಂಘದ ಯಾವ ಹೆಣ್ಣುಮಗಳಾದರೂ ನಲವತ್ತರಲ್ಲೋ ಐವತ್ತರಲ್ಲೋ ಮತ್ತೆ ಪುಸ್ತಕ ಹಿಡಿಯಲು ಹೊರಟರೆ, ಮನೆಯವರು ಮೊದಲು ಮಾನ್ಯತೆ ಇದೆಯೇ ಎಂದು ಕೇಳಿ. ಇದೆ ಅಂದರೆ, ಭಾನುವಾರದ ಅಡುಗೆ ನಿಮ್ಮದು.